ಮೋನೋ ಸರೋವರಕ್ಕೆ ಇನ್ನೂ ನೀರು ಬಾಕಿ

ಕ್ಯಾಲಿಫೋರ್ನಿಯಾದ ಮೋನೋ ಸರೋವರ ಪೆಸಿಫಿಕ್ ಕಡಲಿನಿಂದ 250 ಕಿ.ಮೀ.ಗೂ ಹೆಚ್ಚು ದೂರ, ಸಿಯೆರಾ ನೆವಾಡಾ ಪರ್ವತಗಳ ಆಚೆ, ಸುಮಾರು 1,945 ಮೀಟರ್ ಎತ್ತರದಲ್ಲಿದೆ. ಚಳಿಗಾಲವನ್ನು ಕಡಲತೀರದಲ್ಲಿ ಕಳೆಯುವ ಕ್ಯಾಲಿಫೋರ್ನಿಯಾ ಗಲ್ ಎಂಬ ಕಡಲಹಕ್ಕಿಗಳು ವಸಂತದಲ್ಲಿ ಬೆಟ್ಟ ದಾಟಿ ಇಲ್ಲಿಗೆ ಬಂದು ಗೂಡು ಕಟ್ಟುತ್ತವೆ. 1976ರ ಎಣಿಕೆಯಲ್ಲಿ ಅವು ಸುಮಾರು 50,000 ಇದ್ದವು.

ಈ ಉಪ್ಪುನೀರಿನಲ್ಲಿ ಮೀನಿಲ್ಲ. ಆದರೆ ಬೇಸಿಗೆಯ ಹೊತ್ತಿಗೆ 4ರಿಂದ 6 ಲಕ್ಷ ಕೋಟಿ ಪುಟ್ಟ ಸೀಗಡಿಗಳು ತುಂಬಿರುತ್ತವೆ, ದಡದ ಉದ್ದಕ್ಕೂ ನೊಣಗಳು ಮುತ್ತಿರುತ್ತವೆ. ನಡುವಿನ ದ್ವೀಪಗಳಿಗೆ ಬೇಟೆಪ್ರಾಣಿಗಳು ಬರಲಾರವು. ಮರಿ ಸಾಕಲು ಬೇಕಾದ ಊಟ, ಕಾವಲು ಎರಡೂ ಸಿಗುವುದರಿಂದಲೇ ಹಕ್ಕಿಗಳು ಇಷ್ಟು ದೂರ ಬರುತ್ತವೆ. ಎರಡಕ್ಕೂ ಆಧಾರ ನೀರಿನ ಮಟ್ಟ.

1941ರಲ್ಲಿ ಲಾಸ್ ಏಂಜಲೀಸ್ ನಗರ ಸರೋವರಕ್ಕೆ ಹರಿಯುವ ತೊರೆಗಳನ್ನು ತನ್ನ ಕಾಲುವೆಗೆ ತಿರುಗಿಸಿತು. ಆಮೇಲಿನ ಲೆಕ್ಕ, ಸಮುದ್ರಮಟ್ಟದಿಂದ ಅಡಿಗಳಲ್ಲಿ:

1941: 6,417
1982: 6,372
1994ರಲ್ಲಿ ನಿಗದಿಯಾದ ಗುರಿ: 6,392

41 ವರ್ಷಗಳಲ್ಲಿ 45 ಅಡಿ ಇಳಿದಾಗ ಸರೋವರದ ಅರ್ಧ ನೀರು ಹೋಗಿತ್ತು. ಲೀಟರಿಗೆ ಸುಮಾರು 50 ಗ್ರಾಂ ಇದ್ದ ಉಪ್ಪು 99 ಗ್ರಾಂ ಆಯಿತು. 1979ರಲ್ಲಿ ನೆಗಿಟ್ ದ್ವೀಪಕ್ಕೂ ದಡಕ್ಕೂ ನಡುವೆ ನೆಲ ಎದ್ದಿತು. ತೋಳದ ಬಳಗದ ಕಾಯೋಟಿಗಳು ನಡೆದೇ ದಾಟಿದವು. 30,000ಕ್ಕೂ ಹೆಚ್ಚು ಹಕ್ಕಿಗಳು ಗೂಡು ಬಿಟ್ಟು ಹೋದವು.

ಅದೇ ವರ್ಷ ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ಇಂಥ ಜಲಸಂಪತ್ತು ಸಾರ್ವಜನಿಕರ ಪರವಾಗಿ ಸರ್ಕಾರ ಕಾಯಬೇಕಾದ ಆಸ್ತಿ ಎಂದು 1983ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ನಗರ 1974–89ರಲ್ಲಿ ವರ್ಷಕ್ಕೆ ಸರಾಸರಿ 83,000 ಎಕರೆ-ಅಡಿ, ಅಂದರೆ ಸುಮಾರು 3.6 ಟಿಎಂಸಿ ನೀರು ಒಯ್ಯುತ್ತಿತ್ತು. ರಾಜ್ಯದ ಜಲಮಂಡಳಿಯ 1994ರ ಆದೇಶದ ಪ್ರಕಾರ ಮಟ್ಟ 6,377 ಅಡಿಗಿಂತ ಕೆಳಗಿದ್ದರೆ ಒಂದು ಹನಿಯೂ ಇಲ್ಲ. 6,380 ದಾಟಿದರೆ 16,000 ಎಕರೆ-ಅಡಿ, ಸುಮಾರು 0.7 ಟಿಎಂಸಿ.

ಇಪ್ಪತ್ತು ವರ್ಷದಲ್ಲಿ ಗುರಿ ಮುಟ್ಟಬೇಕಿತ್ತು. 2014 ಕಳೆದರೂ ಮುಟ್ಟಲಿಲ್ಲ. ಬರದಿಂದ ನೆಲ ಮತ್ತೆ ಮೇಲೆದ್ದಾಗ, 2017ರಲ್ಲಿ ಕಾಯೋಟಿಗಳನ್ನು ತಡೆಯಲು ವಿದ್ಯುತ್ ಬೇಲಿ ಹಾಕಬೇಕಾಯಿತು. 2023ರಲ್ಲಿ ಭಾರೀ ಹಿಮ ಕರಗಿ ಮಟ್ಟ ಸುಮಾರು 5 ಅಡಿ ಏರಿತು. ಆಗಲೂ ಗುರಿಗೆ ಸುಮಾರು 8 ಅಡಿ ಕಡಿಮೆಯಿತ್ತು.

ಸುಮಾರು 180 ಚದರ ಕಿ.ಮೀ. ಹರವಿನ ಈ ಸರೋವರ ಒಂದು ಅಡಿ ಏರಲು ಸುಮಾರು 2 ಟಿಎಂಸಿ ನೀರು ಬೇಕು. ನಗರಕ್ಕೆ ಸಲ್ಲುವ 0.7 ಟಿಎಂಸಿ ಸರೋವರದಲ್ಲೇ ಉಳಿದರೆ, ಆವಿಯಾಗುವುದನ್ನು ಬದಿಗಿಟ್ಟು ನೋಡಿದರೆ, ವರ್ಷಕ್ಕೆ ಸುಮಾರು 4 ಇಂಚು. ಬರಗಾಲದಲ್ಲಿ ದ್ವೀಪ ದಡಕ್ಕೆ ಅಂಟುವುದೋ ಇಲ್ಲವೋ ಎಂಬುದನ್ನು ಇಂಥ ಇಂಚುಗಳೇ ತೀರ್ಮಾನಿಸುತ್ತವೆ.

ನಗರಕ್ಕೆ ಇದು ಭಾರವಲ್ಲ. 1970ರಲ್ಲಿ 28 ಲಕ್ಷವಿದ್ದ ಲಾಸ್ ಏಂಜಲೀಸ್ ಜನಸಂಖ್ಯೆ 2020ರಲ್ಲಿ 39 ಲಕ್ಷಕ್ಕೆ ಏರಿದೆ, ಆದರೂ ಒಟ್ಟು ನೀರಿನ ಬಳಕೆ ಆಗಿನದಕ್ಕಿಂತ ಕಡಿಮೆ. ಇಷ್ಟು ಉಳಿಸಲು ಕಲಿತ ನಗರ, 6,392 ಅಡಿ ತುಂಬುವ ತನಕ ತೊರೆಗಳ ನೀರನ್ನು ಸರೋವರಕ್ಕೇ ಬಿಡಬೇಕು.