ನೆಲದಲ್ಲಿ ಹೂಡಿದ ಒಲೆ

ಗುಂಡಿ ತಿರುವಿದೊಡನೆ ನೀಲಿ ಜ್ವಾಲೆ ಏಳುವ ಒಲೆಯನ್ನೇ ಕಂಡು ಬೆಳೆದ ಪಟ್ಟಣಿಗರಿಗೆ, ಬಯಲಿನಲ್ಲಿ ನೆಲ ಅಗೆದು ಅನ್ನ ಬೇಯಿಸುವುದು ವನಭೋಜನದ ವಿನೋದವೆನಿಸೀತು. ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಟವರಿಗೆ, ಸುಗ್ಗಿಯಲ್ಲಿ ಕಣ ಕಾಯುತ್ತಿದ್ದ ರೈತನಿಗೆ, ಒಲೆ ಹೂಡಲು ಮೂರು ಕಲ್ಲೂ ಸಿಗದ ಎರೆಹೊಲದಲ್ಲಿ ಮಂದೆ ತಂಗಿಸಿದ ಕುರುಬನಿಗೆ ಅದು ಹಾಗಿರಲಿಲ್ಲ. ಕೈಯಲ್ಲೊಂದು ಗುದ್ದಲಿಯಿದ್ದರೆ ಅವರ ಪಾಲಿಗೆ ಒಲೆ ಇದ್ದಂತೆಯೇ.

ಈ ವಿದ್ಯೆಯನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ಹೇಮಾವತಿಯ ದಂಡೆಯಲ್ಲಿ ಒಂದು ಸಂಜೆ, ಹನ್ನೆರಡು ವರ್ಷದವನಾದ ನಾನು ಉತ್ಸಾಹದಿಂದ ಗುಂಡಿ ತೋಡಿ, ಅದರ ಬಾಯಿಯವರೆಗೂ ಕಟ್ಟಿಗೆ ತುಂಬಿ, ಮೇಲೆ ಪಾತ್ರೆಯನ್ನು ಮುಚ್ಚಳದಂತೆ ಕೂರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ಹೊಗೆ ಬಂತು, ಬೆಂಕಿ ಬರಲಿಲ್ಲ. ಮಾವ ನಕ್ಕು, "ಬೆಂಕಿಗೇನೋ ಮನೆ ಕಟ್ಟಿದೆ. ಗಾಳಿಗೆ ಬಾಗಿಲು ಎಲ್ಲಯ್ಯ?" ಎಂದರು.

ಬಳಿಕ ಅವರು ಒಂದು ಹಿಡಿ ಒಣಮಣ್ಣನ್ನು ಮೇಲಿನಿಂದ ಉದುರಿಸಿ, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡರು. ನನ್ನ ಗುಂಡಿ ಒಂದು ಗೇಣು ಅಗಲ, ಒಂದೂವರೆ ಗೇಣು ಆಳವಿತ್ತು. ಅಲ್ಲಿಂದ ಒಂದು ಮೊಳ ದೂರದಲ್ಲಿ, ಗಾಳಿ ಬರುವ ಕಡೆಗೆ, ಇನ್ನೊಂದು ಸಣ್ಣ ಗುಂಡಿಯನ್ನು ಓರೆಯಾಗಿ ತೋಡಿ, ಎರಡರ ತಳವನ್ನೂ ತೋಳು ತೂರುವಷ್ಟು ಬಿಲದಿಂದ ಕೂಡಿಸಿದರು. ದಂಡೆಯ ಮೇಲಿನ ಮೆಕ್ಕಲುಮಣ್ಣಾದ್ದರಿಂದ ಬಿಲ ನಿಂತಿತು. ಮರಳಾಗಿದ್ದರೆ ಕುಸಿಯುತ್ತಿತ್ತು, ಅಂಥಲ್ಲಿ ಬಿಲದ ಬದಲು ತೆರೆದ ಇಳಿಜಾರು ಕಾಲುವೆಯೇ ಸರಿ. ಗುಂಡಿಯ ಅಂಚಿನಲ್ಲಿ ಮೂರು ಗಟ್ಟಿ ಹೆಂಟೆಗಳನ್ನಿಟ್ಟು, ಪಾತ್ರೆಗೂ ನೆಲಕ್ಕೂ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟರು. ಈ ಸಂದು ಕಿರಿದಾದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಹಿರಿದಾದರೆ ಉರಿ ಪಾತ್ರೆಯನ್ನು ಸವರದೆ ಹೊರಗೋಡುತ್ತದೆ. ಹೊಳೆಯಿಂದ ಆಗತಾನೇ ಎತ್ತಿದ ಕಲ್ಲನ್ನು ಅವರು ಮುಟ್ಟಗೊಡಲಿಲ್ಲ. ಅದರ ಬಿರುಕುಗಳಲ್ಲಿ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುವುದುಂಟು.

ಕಡ್ಡಿ ಗೀರಿದ್ದೇ ತಡ, ಸಣ್ಣ ಗುಂಡಿ ಉಸಿರೆಳೆದುಕೊಳ್ಳುವುದು ಕಿವಿಗೆ ಕೇಳಿಸಿತು. ಹೊಗೆ ತೆಳುವಾಗುತ್ತ ಬಂದು ಸ್ವಲ್ಪ ಹೊತ್ತಿನಲ್ಲಿ ಇಲ್ಲವೆನ್ನುವಷ್ಟಾಯಿತು.

ಇದರ ಕಾರಣ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಾವು ಉರಿ ಎನ್ನುವುದು ಬಹುಮಟ್ಟಿಗೆ ಕಟ್ಟಿಗೆಯಿಂದ ಹೊರಟ ಅನಿಲಗಳ ಉರಿ. ಕಾವು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಟ್ಟಿಗೆ ಒಳಗೊಳಗೇ ಒಡೆದು ಅನಿಲಗಳನ್ನು ಬಿಡುತ್ತದೆ. ಅವು ಚೆನ್ನಾಗಿ ಉರಿಯಬೇಕಾದರೆ ಅದರ ಎರಡು ಪಟ್ಟು ಕಾವೂ ಸಾಕಷ್ಟು ಗಾಳಿಯೂ ಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಅನಿಲ ಹೊಗೆಯಾಗಿ ಹೋಗುತ್ತದೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ. ಬಯಲ ಗಾಳಿ ಕಾವನ್ನು ಕದ್ದೊಯ್ಯದಂತೆ ಗುಂಡಿಯ ಗೋಡೆ ತಡೆಯುತ್ತದೆ. ಬಿಸಿಗಾಳಿ ಮೇಲೇರಿದಷ್ಟೂ ಹೊಸ ಗಾಳಿ ಬಿಲದಿಂದ ಒಳನುಗ್ಗಿ ಕೆಂಡದ ಬುಡಕ್ಕೇ ತಾಕುತ್ತದೆ. ಹಸಿ ಸೌದೆಯಿದ್ದರೆ ಮಾತ್ರ ಎಂಥ ಒಲೆಯೂ ಸೋಲುತ್ತದೆ, ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆಯಾದ್ದರಿಂದ.

ಹಾಗೆಂದು ಈ ಒಲೆಯನ್ನು ಅತಿಯಾಗಿ ಹೊಗಳಲಾರೆ. ತಣ್ಣನೆಯ ನೆಲ ಮೊದಲಿಗೆ ಶಾಖವನ್ನು ತಾನೇ ಕುಡಿಯುತ್ತದೆ. ಒಂದು ಲೋಟ ಕಾಫಿಗಾಗಿ ನೆಲ ಅಗೆಯುವವನು ಸೌದೆಯನ್ನೂ ಬೆವರನ್ನೂ ವ್ಯರ್ಥ ಮಾಡುತ್ತಾನೆ. ಅನ್ನ ಇಳಿಸಿ ಸಾರಿಗಿಡುವ ಹೊತ್ತಿಗೆ ಗೋಡೆ ಕಾದಿರುತ್ತದೆ, ಲಾಭವೆಲ್ಲ ಆಮೇಲಿನದು. ಮದುವೆ ಮುಂಜಿಗಳಲ್ಲಿ ಅಡುಗೆಯವರು ಹಿತ್ತಿಲಲ್ಲಿ ಉದ್ದನೆಯ ಕಾಲುವೆ ತೋಡಿ, ಕೊಪ್ಪರಿಗೆಗಳನ್ನು ಸಾಲಾಗಿ ಏರಿಸುತ್ತಿದ್ದುದು ಇದೇ ಲೆಕ್ಕದಿಂದ. ಒಂದರ ತಳ ಸವರಿದ ಶಾಖ ಮುಂದಿನದನ್ನೂ ಮುಟ್ಟುತ್ತದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ಮುಂದೆ ಹಳ್ಳಿಯ ಮನೆಗಳಿಗಾಗಿ ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆಯಲ್ಲಿಯೂ ಈ ಉಪಾಯವಿದೆ. ಅದಕ್ಕೆ ಹೊಗೆ ಕೊಳವೆಯುಂಟು, ಬೂದಿ ಕೆಳಗಿಳಿಯಲು ಜಾಲರಿಯುಂಟು.

ಆದರೆ ನೆಲವು ಶಾಖವನ್ನು ಹಿಡಿದಿಡುವ ಈ ಗುಣಕ್ಕೆ ಇನ್ನೊಂದು ಮುಖವಿದೆ. ಅಂದು ಊಟವಾದ ಮೇಲೆ ಮಾವ ಪಾತ್ರೆಗಳನ್ನು ಹೊಳೆಗೆ ಒಯ್ದರು. ತಳಕ್ಕೆ ಮೊದಲೇ ಕಲಸಿದ ಬೂದಿ ಬಳಿದಿದ್ದರಿಂದ ಮಸಿ ತೊಳೆಯುವುದು ಸುಲಭವಾಗಿತ್ತು. ಒಲೆಯನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಳೆಗಿಳಿದು ನೀರು ತರಲು ಸೋಮಾರಿತನ; ಕೆಂಡದ ಮೇಲೆ ಮಣ್ಣೆಳೆದು, ಕಾಲಿನಿಂದ ಸಮ ಮಾಡಿ, ಆಯಿತೆಂದೆ. ಮಣ್ಣು ಹೊದ್ದ ಕೆಂಡ ಆರುವುದಿಲ್ಲ. ಗಾಳಿ ಕಡಿಮೆಯಾದಷ್ಟೂ ನಿಧಾನವಾಗಿ, ರಾತ್ರಿಯಿಡೀ ಒಳಗೇ ಬದುಕಿರುತ್ತದೆ. ಬೆಳಗ್ಗೆ ದನ ಹೊಡೆದುಕೊಂಡು ಬಂದ ಹುಡುಗ, ನನ್ನ ವಯಸ್ಸಿನವನೇ, ಬರಿಗಾಲಿನಲ್ಲಿ ಆ ಸಡಿಲು ಮಣ್ಣನ್ನು ತುಳಿದ. ಅವನ ಕೂಗಿಗೆ ನಾವೆಲ್ಲ ಎದ್ದೆವು.

ಮಾವ ಅವನ ಕಾಲನ್ನು ಹೊಳೆಯ ನೀರಿನಲ್ಲಿ ಬಹಳ ಹೊತ್ತು ಹಿಡಿದು ಕೂತಿದ್ದು, ಆಮೇಲೆ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರೆದೊಯ್ದರು. ನನಗೆ ಒಂದು ಮಾತನ್ನೂ ಆಡಲಿಲ್ಲ. ಸಂಜೆ ಹಿಂತಿರುಗಿ ಬಂದವರು ಕೊಡವನ್ನು ನನ್ನ ಕೈಗಿತ್ತು, ಗುಂಡಿಯ ಬಳಿ ನಿಂತರು. ನಾನು ಮಣ್ಣು ಕೆದಕಿ ನೀರು ಸುರಿದೆ. ಅದು ಇನ್ನೂ ಸುಂಯೆಂದಿತು. ಮತ್ತೆ ಕೆದಕಿದೆ, ಮತ್ತೆ ಸುರಿದೆ. ನಾಲ್ಕನೆಯ ಕೊಡಕ್ಕೆ ಸದ್ದಡಗಿತು. ಮಾವ ಬಗ್ಗಿ, ತಮ್ಮ ಅಂಗೈಯನ್ನು ಆ ಕೆಸರಿನೊಳಗೆ ಇಳಿಬಿಟ್ಟು ನೋಡಿ, "ಈಗ ಮುಚ್ಚು" ಎಂದರು.