ಮೆಟ್ಟಿಲ ದಾರಿ ಯಾರದು?

ಹಿಂದೆ ಬೆಂಗಳೂರು, ಮೈಸೂರುಗಳ ವಠಾರಗಳಲ್ಲಿ ಬಾಳಿದವರಿಗೆ ನಿಯಮಗಳನ್ನು ಯಾರೂ ಬರೆದುಕೊಡಬೇಕಾಗಿರಲಿಲ್ಲ. ಎಲ್ಲರಿಗೂ ಒಂದೇ ನಲ್ಲಿ, ಒಂದೇ ಅಂಗಳ, ಒಂದೇ ಹೆಬ್ಬಾಗಿಲು. ನಲ್ಲಿಯ ಮುಂದೆ ಯಾರ ಕೊಡದ ಹಿಂದೆ ಯಾರ ಕೊಡ ನಿಲ್ಲಬೇಕು, ರಾತ್ರಿ ಎಷ್ಟು ಹೊತ್ತಿಗೆ ಹೆಬ್ಬಾಗಿಲಿಗೆ ಅಗುಳಿ ಬೀಳುತ್ತದೆ ಎಂಬುದು ಮಕ್ಕಳಿಗೂ ತಿಳಿದಿತ್ತು. ತಪ್ಪಿ ನಡೆದವರನ್ನು ತಿದ್ದಲು ಎದುರು ಮನೆಯ ಹಿರಿಯರ ಒಂದು ನೋಟವೇ ಸಾಕಾಗುತ್ತಿತ್ತು. ಜಗಳಗಳಿರಲಿಲ್ಲವೆಂದಲ್ಲ; ಆದರೆ ಒಂದು ಮನೆಯಲ್ಲಿ ಹೊಗೆ ಹೆಚ್ಚಾಗಿ ಕಂಡರೆ ಹತ್ತು ಮನೆಯವರು ಬಂದು ವಿಚಾರಿಸುತ್ತಿದ್ದರು.

ಆ ವಠಾರಗಳ ಮಕ್ಕಳು, ಮೊಮ್ಮಕ್ಕಳು ಇಂದು ಹತ್ತು ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟುಗಳಲ್ಲಿ ವಾಸವಾಗಿದ್ದಾರೆ. ಇಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಲಿಫ್ಟಿನ ಪಕ್ಕದ ಫಲಕದ ಮೇಲೆ ಅವು ಅಚ್ಚುಕಟ್ಟಾಗಿ ಅಂಟಿಕೊಂಡಿರುತ್ತವೆ. ಓದುವವರು ಮಾತ್ರ ವಿರಳ. ಇದಕ್ಕೆ ನಿವಾಸಿಗಳ ಉದಾಸೀನವೊಂದೇ ಕಾರಣವಲ್ಲ. ಹೀಗೆ ಮಾಡಿರಿ, ಹಾಗೆ ಮಾಡದಿರಿ ಎಂದು ನಿಯಮ ಹೇಳುತ್ತದೆ. ಏಕೆ ಎಂಬುದನ್ನು ಹೇಳುವುದಿಲ್ಲ. ಕಾರಣ ತಿಳಿಯದ ನಿಯಮ ಯಾರಿಗಾದರೂ ಕಿರುಕುಳವೆಂದೇ ತೋರುತ್ತದೆ. ಪರರನ್ನು ದೂರುವುದೇಕೆ? ನನ್ನದೇ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ತಂದೆಯವರು ಬಳಸುತ್ತಿದ್ದ ತೇಗದ ಬೀರುವೊಂದು ನನ್ನ ಪಾಲಿಗೆ ಬಂದಿತ್ತು. ಮನೆಯೊಳಗೆ ಅದಕ್ಕೆ ಸ್ಥಳವಿರಲಿಲ್ಲ. ಮಾರಲು ಮನಸ್ಸು ಬರಲಿಲ್ಲ. ನಾಲ್ಕನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಗೋಡೆಗೆ ಒರಗಿಸಿ ನಿಲ್ಲಿಸಿದೆ. "ಎಲ್ಲರೂ ಲಿಫ್ಟಿನಲ್ಲಿ ಓಡಾಡುವವರೇ, ಯಾರಿಗೇನು ಅಡ್ಡಿ?" ಎಂಬುದು ನನ್ನ ಸಮಾಧಾನ. ಸಂಘದವರು ಎರಡು ಸಲ ಚೀಟಿ ಕಳುಹಿಸಿದರು. ನಾನು ಎರಡನ್ನೂ ಮಡಿಸಿ ಅದೇ ಬೀರುವಿನೊಳಗೆ ಇಟ್ಟೆ!

ಒಂದು ರಾತ್ರಿ ಕೆಳಗಿನ ಮೀಟರ್ ಹಲಗೆಯಲ್ಲಿ ತಂತಿ ಸುಟ್ಟು ಹೊಗೆ ಎದ್ದಿತು. ದೀಪಗಳು ಆರಿದವು, ಲಿಫ್ಟು ನಿಂತಿತು. ಎಲ್ಲರೂ ಕತ್ತಲಲ್ಲಿ ಮೆಟ್ಟಿಲಿಳಿಯತೊಡಗಿದರು. ಆರನೆಯ ಮಹಡಿಯ ಅಜ್ಜಿಗೆ ನಡೆಯಲು ಶಕ್ತಿಯಿಲ್ಲ. ಇಬ್ಬರು ಹುಡುಗರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ನಾಲ್ಕನೆಯ ಮಹಡಿಯ ತಿರುವಿನಲ್ಲಿ ಕುರ್ಚಿ ಹಾಯಲಿಲ್ಲ. ಹಿಂದೆ ಜನ, ಮುಂದೆ ಬೀರು. ಕುರ್ಚಿಯನ್ನು ಓರೆ ಮಾಡಿ, ಅಜ್ಜಿಯನ್ನು ಒಬ್ಬರು ತಬ್ಬಿ ಹಿಡಿದು, ಹೇಗೋ ದಾಟಿಸಿದರು. ಎರಡು ನಿಮಿಷವಾಗಿರಬಹುದು. ದೇವರ ದಯೆ, ಹೊಗೆ ಅಷ್ಟಕ್ಕೇ ನಿಂತಿತು, ಯಾರಿಗೂ ಅಪಾಯವಾಗಲಿಲ್ಲ. ಮರುದಿನ ಕ್ಷಮೆ ಕೇಳಲು ಹೋದಾಗ ಅಜ್ಜಿ, "ಹೋಗಲಿ ಬಿಡಪ್ಪ, ನಿಮ್ಮ ತಂದೆಯವರದಂತಲ್ಲ, ಬಿಸಾಡೋಕಾಗುತ್ತದೆಯೇ?" ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮೆಟ್ಟಿಲ ದಾರಿಯ ಮಹತ್ವ ನನಗೆ ತಿಳಿದದ್ದು ಅಂದು. ಬೆಂಕಿಯ ಅನಾಹುತಗಳಲ್ಲಿ ಜ್ವಾಲೆಗಿಂತ ಮೊದಲು ಪ್ರಾಣ ತೆಗೆಯುವುದು ಹೊಗೆ. ಬಿಸಿ ಹೊಗೆ ಮೇಲಕ್ಕೇರುವ ಸ್ವಭಾವದ್ದು. ಬಾಗಿಲು ತೆರೆದಿದ್ದ ಮೆಟ್ಟಿಲ ಓಣಿ ಅದಕ್ಕೆ ಅಡಿಗೆಮನೆಯ ಹೊಗೆಗೂಡಿನಂತೆಯೇ ಸರಿ. ಗಾಳಿ ಬರಲೆಂದು ಕಲ್ಲು ಅಥವಾ ಹೂಕುಂಡ ಒತ್ತಿಟ್ಟು ಮೆಟ್ಟಿಲ ಬಳಿಯ ಬೆಂಕಿತಡೆ ಬಾಗಿಲನ್ನು ತೆರೆದಿಡಬಾರದೆಂಬ ನಿಯಮಕ್ಕೆ ಇದೇ ಕಾರಣ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಮಂದಿ ಸಾವಿಗೀಡಾದರು. ದಟ್ಟ ಹೊಗೆಯಲ್ಲಿ ಸಿಕ್ಕಿ, ಉಸಿರಾಡಲಾರದೆ, ಕಿಟಕಿಗಳಿಂದ ಕೆಳಕ್ಕೆ ಹಾರಿದವರೂ ಅವರಲ್ಲಿದ್ದರು. ಅದು ಕಚೇರಿಗಳ ಕಟ್ಟಡ, ನಿಜ. ಆದರೆ ಹೊಗೆಗೆ ಕಚೇರಿಯೆಂದೂ ಮನೆಯೆಂದೂ ಭೇದವಿಲ್ಲ.

"ನನ್ನ ಬಾಗಿಲ ಮುಂದಿನ ಜಾಗ ನನ್ನದಲ್ಲವೇ?" ಎಂದು ಕೇಳುವವರುಂಟು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ಇದಕ್ಕೆ ಉತ್ತರ ಹೇಳಿದೆ. ಅದರಂತೆ ಮೆಟ್ಟಿಲು, ಓಣಿ, ಲಿಫ್ಟು, ಹೊರಹೋಗುವ ದಾರಿ ಇವೆಲ್ಲ ಸಾಮಾನ್ಯ ಸ್ಥಳಗಳು. ಎಲ್ಲ ಒಡೆಯರಿಗೂ ಅವುಗಳಲ್ಲಿ ಪಾಲುಂಟು. ಆ ಪಾಲನ್ನು ಹಂಚಿಕೊಂಡು ಗೆರೆ ಎಳೆಯುವಂತಿಲ್ಲ. ಯಾವ ಉದ್ದೇಶಕ್ಕಾಗಿ ಇವೆಯೋ ಅದಕ್ಕೆ, ಇತರರ ಹಕ್ಕಿಗೆ ಅಡ್ಡಿಯಾಗದಂತೆ, ಬಳಸಬೇಕು. ಮೆಟ್ಟಿಲ ಉದ್ದೇಶ ಹತ್ತಿಳಿಯುವುದು. ಚಪ್ಪಲಿ ಗೂಡು, ಹಳೆಯ ಸೈಕಲ್ಲು, ವೃತ್ತಪತ್ರಿಕೆಯ ಕಟ್ಟು ಇಡುವುದಲ್ಲ.

ಬೆಂಕಿಯ ಸುಳಿವು ಸಿಕ್ಕೊಡನೆ ಲಿಫ್ಟನ್ನು ಮರೆತುಬಿಡಬೇಕು. ವಿದ್ಯುತ್ತು ಹೋದರೆ ಅದೇ ಸೆರೆಮನೆ. ದಾರಿ ಸ್ವಚ್ಛವಾಗಿದ್ದರೆ ಮೆಟ್ಟಿಲಿಳಿಯಿರಿ. ಹೊಗೆ ಕವಿದಿದ್ದರೆ ನೆಲಕ್ಕೆ ಬಗ್ಗಿ ಸಾಗಿರಿ. ಉಸಿರಾಡುವ ಗಾಳಿ ಉಳಿದಿರುವುದು ಕೆಳಗೆ. ಹೊರಹೋಗಲು ಸಾಧ್ಯವೇ ಇಲ್ಲದಿದ್ದರೆ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು 112ಕ್ಕೆ ಕರೆಮಾಡಿ ಯಾವ ಮಹಡಿಯೆಂಬುದನ್ನು ತಿಳಿಸಿರಿ. ಗೋಡೆಯಲ್ಲಿ ತೂಗುವ ಬೆಂಕಿ ಆರಿಸುವ ಸಾಧನವನ್ನು ಬಳಸುವ ಕ್ರಮವನ್ನು ಮನೆಯವರೆಲ್ಲ ಇಂದೇ ಅರಿತಿರಲಿ: ಗೂಟ ಕೀಳುವುದು, ಬೆಂಕಿಯ ಬುಡಕ್ಕೆ ಗುರಿ ಹಿಡಿಯುವುದು, ಹಿಡಿ ಅದುಮುವುದು, ಅತ್ತಿತ್ತ ಬೀಸುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮಗೆ ಅನ್ವಯಿಸದಿರಲಿ.

ಇನ್ನು ಗೃಹಿಣಿಯರ ರಾಜ್ಯವಾದ ಅಡಿಗೆಮನೆಗೆ ಬರೋಣ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದು ಮೇಲಕ್ಕೇರುತ್ತದೆ. ಯಾವುದೇ ಆಗಲಿ, ವಾಸನೆ ಬಂದಾಗ ದೀಪದ ಗುಂಡಿಯನ್ನು ಮುಟ್ಟಬಾರದು. ಹಾಕುವಾಗ ಮಾತ್ರವಲ್ಲ, ಆರಿಸುವಾಗಲೂ ಕಿಡಿ ಹಾರುತ್ತದೆ. ಅನಿಲದ ಹರಿವನ್ನು ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದ ಮೇಲೆ ಫೋನ್ ಮಾಡಬೇಕು. ಸಿಲಿಂಡರಿನ ಸೋರಿಕೆಗೆಂದೇ 1906 ಎಂಬ ಸಂಖ್ಯೆಯಿದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿರಿ. ಒಲೆ ಆರಿಸಿ ಮುಚ್ಚಳ ಮುಚ್ಚಿರಿ.

ಕಟ್ಟಡದ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಅಪಾಯ ಇನ್ನೊಂದುಂಟು. ಕೊಳಚೆ ನೀರಿನ ಗುಂಡಿಯಲ್ಲಿ ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲ ಸೇರಿಕೊಳ್ಳುತ್ತದೆ. ಮೊದಲು ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ಅಪಾಯ ದೂರವಾಯಿತೆಂದು ಮನುಷ್ಯ ಮೋಸ ಹೋಗುತ್ತಾನೆ. ಒಳಗೆ ಬಿದ್ದವನನ್ನು ಎತ್ತಲು ಇಳಿದವನೂ ಹಿಂದಿರುಗದ ಪ್ರಸಂಗಗಳುಂಟು. ರಕ್ಷಣಾ ಸಾಮಗ್ರಿಗಳಿಲ್ಲದೆ ಚರಂಡಿ, ಮಲಗುಂಡಿಗಳನ್ನು ಶುಚಿ ಮಾಡಲು ಯಾರನ್ನೂ ಇಳಿಸಬಾರದೆಂದು 2013ರ ಕಾಯಿದೆ ನಿಷೇಧಿಸಿದೆ. ನಾಲ್ಕು ಕಾಸು ಉಳಿಸಲು ಬಡವನೊಬ್ಬನನ್ನು ಗುಂಡಿಗಿಳಿಸುವ ಮಾತು ಸಂಘದ ಸಭೆಯಲ್ಲಿ ಬಂದರೆ, ಬೇಡವೆಂದು ಎದ್ದು ನಿಂತು ಹೇಳುವವರು ನಾವಾಗಬೇಕು. ಅವನ ಮನೆಯಲ್ಲಿಯೂ ದಾರಿ ಕಾಯುವವರಿರುತ್ತಾರೆ.

ಸಂಪಿನ ಮುಚ್ಚಳಕ್ಕೆ ಬೀಗ, ವಾಹನಗಳು ಹಿಮ್ಮೆಟ್ಟುವಲ್ಲಿ ಮಕ್ಕಳ ಆಟಕ್ಕೆ ತಡೆ, ಬಾಲ್ಕನಿಯ ಕಟ್ಟೆಯ ಮೇಲೆ ಹೂಕುಂಡ ಬೇಡ ಎಂಬ ನಿಯಮಗಳಿಗೆ ವಿವರಣೆಯೇ ಬೇಡ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗದ್ದಲ ಬೇಡವೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಮ್ಮ ಸಂಭ್ರಮದ ಆಚೆ ಗೋಡೆಯಲ್ಲಿ ಪರೀಕ್ಷೆಗೆ ಓದುವ ಮಗುವೋ, ನಿದ್ದೆ ಬಾರದ ರೋಗಿಯೋ ಇರಬಹುದು. ಎಲ್ಲ ನಿಯಮಗಳ ಹಿಂದೆ ಇಂಥ ಒಬ್ಬ ನೆರೆಯವರು ನಿಂತಿರುತ್ತಾರೆ; ಅವರ ಮುಖ ನೆನಪಿದ್ದರೆ ನಿಯಮ ತಾನೇ ನೆನಪಿರುತ್ತದೆ.

ತಂದೆಯವರ ಬೀರು ಈಗ ನಮ್ಮ ಮಲಗುವ ಕೋಣೆಯಲ್ಲಿದೆ. ಸ್ಥಳ ಇಕ್ಕಟ್ಟಾಯಿತೆಂದು ಮನೆಯಾಕೆ ಒಂದು ವಾರ ಗೊಣಗಿ ಸುಮ್ಮನಾದಳು. ಸಂಘದವರು, ಎತ್ತಿ ತರಬೇಕಾದ ವೃದ್ಧರು, ರೋಗಿಗಳು ಯಾವ ಯಾವ ಮನೆಯಲ್ಲಿದ್ದಾರೆಂದು ಕೇಳಿ ತಿಳಿದು ಒಂದು ಪಟ್ಟಿ ಮಾಡಿ ಕಾವಲುಗಾರನ ಬಳಿ ಇಟ್ಟಿದ್ದಾರೆ. ಯಾವ ಮನೆಗೆ ಯಾರು ಓಡಬೇಕೆಂಬುದೂ ಅದರಲ್ಲಿದೆ. ಆರನೆಯ ಮಹಡಿಯ ಅಜ್ಜಿಯ ಹೆಸರಿನ ಎದುರು ಬರೆದಿರುವುದು ನನ್ನ ಹೆಸರು. ನಾನೇ ಕೇಳಿ ಬರೆಸಿಕೊಂಡೆ.