ನೀರನ್ನೆತ್ತುವ ಶಕ್ತಿಯ ಲೆಕ್ಕ

ಕೊಳ್ಳೇಗಾಲದ ಸಮೀಪದ ಶಿವನಸಮುದ್ರದಲ್ಲಿ 1902ನೆಯ ಇಸವಿಯಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪತ್ತಿಮಾಡಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. 1974ರಿಂದೀಚೆಗೆ ಅದೇ ಪ್ರದೇಶದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಯಂತ್ರಗಳಿಂದ ಮೇಲೆತ್ತಿ, ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಒಯ್ಯಲಾಗುತ್ತಿದೆ. ಒಟ್ಟು ಏರು ಸುಮಾರು 500 ಮೀಟರು, ಎಂದರೆ 1,600 ಅಡಿಗಳಿಗೂ ಮಿಗಿಲು. ಬೀಳುವ ನೀರು ಶಕ್ತಿಯನ್ನು ಕೊಡುವುದು. ಏರುವ ನೀರು ಶಕ್ತಿಯನ್ನು ಬೇಡುವುದು. ನಗರದಲ್ಲಿ ಬಳಸಿದ ನೀರನ್ನು ಶುದ್ಧಿಗೊಳಿಸುವಾಗ ಅದರೊಳಕ್ಕೆ ಗಾಳಿಯನ್ನು ಊದುವುದಕ್ಕೂ ವಿದ್ಯುತ್ತು ಬೇಕು.

ಈ ನಿಯಮವು ಹಳ್ಳಿಯ ಕೊಳವೆಬಾವಿಗೂ ಅನ್ವಯಿಸುವುದಷ್ಟೆ. ಒಂದು ಎಕರೆಗೆ ಒಂದು ಅಂಗುಲ ನೀರನ್ನು ಹಾಯಿಸಲು ಸುಮಾರು ಒಂದು ಲಕ್ಷ ಲೀಟರು ಬೇಕು. ಯಂತ್ರದಲ್ಲಿಯೂ ಕೊಳವೆಯಲ್ಲಿಯೂ ಅರ್ಧ ಶಕ್ತಿಯು ನಷ್ಟವಾಗುವುದೆಂದು ಹಿಡಿದರೆ, ಇಷ್ಟು ನೀರನ್ನು 30 ಅಡಿ ಆಳದಿಂದ ಎತ್ತಲು ಸುಮಾರು 5 ಯೂನಿಟ್ಟು, 300 ಅಡಿಯಿಂದ 50 ಯೂನಿಟ್ಟು, 600 ಅಡಿಯಿಂದ 100 ಯೂನಿಟ್ಟು ಖರ್ಚಾಗುವುದು. ಯಳಂದೂರು, ಕೊಳ್ಳೇಗಾಲಗಳ ಬಯಲಿಗೆ ಸುವರ್ಣಾವತಿಯ ಕಾಲುವೆಯಲ್ಲಿ ತಾನಾಗಿ ಹರಿದುಬರುವ ನೀರಿಗೆ ಒಂದು ಯೂನಿಟ್ಟೂ ಬೇಡ.

10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಸರ್ಕಾರವು ಉಚಿತವಾಗಿ ವಿದ್ಯುತ್ತನ್ನು ಒದಗಿಸುತ್ತಿರುವುದರಿಂದ ಈ ವೆಚ್ಚವು ರೈತನ ಕಣ್ಣಿಗೆ ಬೀಳದು. ಆದರೆ ಬಾವಿಯನ್ನು ಇನ್ನೂ ಆಳಕ್ಕೆ ಕೊರೆಯಿಸುವ, ಕೊಳವೆಗಳನ್ನು ಕೊಳ್ಳುವ, ಸುಟ್ಟ ಮೋಟಾರನ್ನು ದುರಸ್ತಿಪಡಿಸುವ ಹಣವು ಅವನದೇ. ಸ್ಥಿತಿವಂತನು ಆಳಕ್ಕೆ ಇಳಿದಷ್ಟೂ ನೆರೆಯ ಸಣ್ಣ ಹಿಡುವಳಿದಾರನ ಬಾವಿಯು ಮೊದಲು ಬತ್ತುವುದು. ಸಾಲವು ಅವನ ಪಾಲಿಗೆ ಉಳಿಯುವುದು.

ಆದುದರಿಂದ ನೀರು ಮೇಲ್ಮಟ್ಟದಲ್ಲಿಯೇ ನಿಲ್ಲುವಂತೆ ಮಾಡುವುದೇ ಶಕ್ತಿಯ ಉಳಿತಾಯ. ವಿಶೇಷವಾಗಿ ಹನೂರಿನಂತಹ ಮಳೆಯಾಶ್ರಿತ ಸೀಮೆಯಲ್ಲಿ ಗ್ರಾಮದ ಮುಖ್ಯಸ್ಥರು ಈ ಕೆಲಸಗಳಿಗೆ ಮುಂದಾಗತಕ್ಕದ್ದು:

1. ಮಳೆಗಾಲಕ್ಕೆ ಮುಂಚೆ ಕೆರೆಗೆ ನೀರು ತರುವ ಕಾಲುವೆಗಳ ಗಿಡಗಂಟಿಗಳನ್ನು ಕಡಿಸಿ, ಒತ್ತುವರಿಯನ್ನು ತೆರವುಗೊಳಿಸುವುದು.

2. ತೂಬು, ಕೋಡಿಗಳನ್ನು ಭದ್ರಪಡಿಸುವುದು. ಕೆರೆಯ ಗೋಡನ್ನು ತೆಗೆದು ಹೊಲಗಳಿಗೆ ಹರಡಿಸುವುದು; ಆದರೆ ಏರಿಯ ಬುಡದಲ್ಲಿ ಅಗೆಯಕೂಡದು.

3. ಇಳಿಜಾರು ಹೊಲಗಳಿಗೆ ಅಡ್ಡಲಾಗಿ ಬದುಗಳನ್ನು ಹಾಕಿಸುವುದು.

ಭೂಮಾಲೀಕರು ಹಿಪ್ಪುನೇರಳೆ, ಅರಿಸಿನ, ಕಬ್ಬುಗಳಿಗೆ ಹನಿ ನೀರಾವರಿಯನ್ನು ಅಳವಡಿಸಿಕೊಂಡರೆ ಎತ್ತುವ ನೀರಿನ ಮೊತ್ತವೇ ಕಡಿಮೆಯಾಗುವುದು. ನೀರಿನ ಆಳಕ್ಕೆ ತಕ್ಕ ಪಂಪನ್ನು ಆರಿಸಿ, ಸೋರುವ ಕೊಳವೆಗಳನ್ನು ಬದಲಿಸತಕ್ಕದ್ದು. ಪ್ರತಿ ವರ್ಷವೂ ಬೇಸಗೆಯಲ್ಲಿ ಬಾವಿಯ ನೀರಿನ ಮಟ್ಟವನ್ನು ಅಳೆದು ಬರೆದಿಡುವುದು ಲೇಸು. ಮಟ್ಟವು ವರ್ಷವರ್ಷವೂ ಇಳಿಯುತ್ತಿದ್ದಲ್ಲಿ, ಹೊಸ ಬಾವಿಗಿಂತ ಮೊದಲು ಊರ ಕೆರೆಯ ಕಡೆಗೆ ಗಮನ ಕೊಡತಕ್ಕದ್ದು.